ದುಬಾರಿ ರೈಲಿನ ಆರಿದ ಊಟ

ಪುಣೆ–ಹುಬ್ಬಳ್ಳಿ, ಮುಂಬೈ–ಸೊಲ್ಲಾಪುರ, ಮುಂಬೈ–ಮಡಗಾಂವ್. ಈ ಮೂರು ವಂದೇ ಭಾರತ್ ರೈಲುಗಳು ಮುಂಬೈ, ಪುಣೆ, ಗೋವಾದಲ್ಲಿರುವ ಕನ್ನಡಿಗರಿಗೆ ಊರಿನ ದಾರಿಯನ್ನು ಸುಲಭ ಮಾಡಿವೆ. ಬೋಗಿ ಚೆನ್ನಾಗಿದೆ, ಸೀಟು ಚೆನ್ನಾಗಿದೆ, ಕುಲುಕಾಟ ಕಡಿಮೆ. ಟ್ರೇ ಮುಂದೆ ಬಂದಾಗ ಮಾತ್ರ ಮನಸ್ಸು ಮುದುಡುತ್ತದೆ. ಗಂಟುಗಟ್ಟಿದ ಅನ್ನ, ಬೆವರಿದ ಚಪಾತಿ, ಹಲ್ಲಿಗೆ ಸಿಕ್ಕದ ಪನೀರ್, ಉಗುರುಬೆಚ್ಚಗಿನ ಚಹಾ. ಇಷ್ಟು ದುಡ್ಡು ಕೊಟ್ಟ ಮೇಲೂ ಯಾಕೆ ಹೀಗೆ ಎಂದು ಕೇಳಿದರೆ ಬರುವ ಉತ್ತರ ಒಂದೇ: ಗುತ್ತಿಗೆದಾರ ತಿನ್ನುತ್ತಾನೆ. ಅದರಲ್ಲಿ ಸತ್ಯಾಂಶ ಇದೆ. ಆದರೆ ಪ್ರಾಮಾಣಿಕ ಗುತ್ತಿಗೆದಾರ ಸಿಕ್ಕರೂ ಈ ಊಟ ಅಷ್ಟೇನೂ ಸುಧಾರಿಸುವುದಿಲ್ಲ. ಒಲೆಯಿಂದ ಇಳಿದು ಗಂಟೆಗಟ್ಟಲೆ ಆದ ಮೇಲೆ ಕೈಗೆ ಸೇರುವ ವ್ಯವಸ್ಥೆ ಇದು. ಅದಕ್ಕೆ ಆರಿಸಿಕೊಂಡಿರುವುದೋ, ಅರ್ಧ ಗಂಟೆಯೂ ತಾಳದ ಪದಾರ್ಥಗಳು. ಮೂಲ ತಪ್ಪು ಅಲ್ಲಿದೆ.

ಮೊದಲು ಅಡುಗೆಯ ದಾರಿ ನೋಡೋಣ. ಶತಾಬ್ದಿ, ತೇಜಸ್, ವಂದೇ ಭಾರತ್ ಯಾವುದರಲ್ಲೂ ಊಟ ಬೇಯಿಸುವ ಅಡುಗೆಮನೆ ಇಲ್ಲ. ಬೋಗಿಯ ಒಂದು ಮೂಲೆಯಲ್ಲಿ ಪುಟ್ಟ ಪ್ಯಾಂಟ್ರಿ ಇರುತ್ತದೆ: ಹಾಟ್ ಕೇಸ್, ನೀರು ಕಾಯಿಸುವ ಬಾಯ್ಲರ್, ಬಾಟಲಿ ತಣ್ಣಗಿಡುವ ಕೂಲರ್. ಅಡುಗೆ ಆಗುವುದು ಊರೊಳಗಿನ ಬೇಸ್ ಕಿಚನ್ ಎಂಬ ದೊಡ್ಡ ಅಡುಗೆಮನೆಯಲ್ಲಿ. ರೈಲ್ವೆಯ 2017ರ ಕ್ಯಾಟರಿಂಗ್ ನೀತಿಯೇ ಬೇಯಿಸುವ ಕೆಲಸ ಮತ್ತು ಬಡಿಸುವ ಕೆಲಸವನ್ನು ಬೇರೆ ಬೇರೆ ಮಾಡಿತು. ಅಲ್ಲಿ ಬೆಂದದ್ದನ್ನು ಫಾಯಿಲ್ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಕ್ರೇಟ್‌ಗೆ ಜೋಡಿಸಿ, ವ್ಯಾನಿಗೆ ಏರಿಸಿ, ರೈಲು ಬರುವವರೆಗೆ ಪ್ಲಾಟ್‌ಫಾರ್ಮಿನಲ್ಲಿ ಇಟ್ಟು ಕಾದು, ರೈಲಿನ ಹಾಟ್ ಕೇಸ್‌ಗೆ ಇಟ್ಟು, ಕೊನೆಗೆ ಟ್ರೇಗೆ ತೆಗೆಯುತ್ತಾರೆ. ಮಡಗಾಂವ್‌ನ ವಂದೇ ಭಾರತ್ ಮುಂಬೈ ಸಿಎಸ್‌ಎಂಟಿ ಬಿಡುವುದು ಬೆಳಗಿನ 5:25ಕ್ಕೆ. ಅದರ ತಿಂಡಿ ಅಷ್ಟರೊಳಗೆ ರೈಲು ಏರಬೇಕೆಂದರೆ ಒಲೆ ಯಾವ ಹೊತ್ತಿಗೆ ಹೊತ್ತಬೇಕು, ಲೆಕ್ಕ ಹಾಕಿ. ನೀವು ಏಳೂವರೆಗೆ ತೆರೆಯುವ ಉಪ್ಪಿಟ್ಟು ನಡುರಾತ್ರಿಯ ಉಪ್ಪಿಟ್ಟು.

ಹಾಟ್ ಕೇಸ್ ಎಂದರೆ ಒಲೆ ಅಂದುಕೊಳ್ಳಬಾರದು. ಬಿಸಿ ಬಂದದ್ದನ್ನು ಬಿಸಿಯಾಗಿ ಉಳಿಸುವುದು ಅದರ ಕೆಲಸ. ಆರಿ ಬಂದದ್ದನ್ನು ಒಳಗಿನವರೆಗೆ ಕಾಯಿಸುವ ಶಕ್ತಿ ಅದಕ್ಕಿಲ್ಲ. ಒತ್ತಾಗಿ ಪೇರಿಸಿದ ಡಬ್ಬಿಗಳಲ್ಲಿ ಅಂಚಿನವು ಸುಡುತ್ತವೆ, ನಡುವಿನವು ತಣ್ಣಗೇ ಇರುತ್ತವೆ. ಪಕ್ಕದ ಸೀಟಿನವರಿಗೆ ಬಿಸಿ ಊಟ, ನಿಮಗೆ ತಣ್ಣನೆಯದು ಬರುವುದಕ್ಕೆ ಇದೇ ಕಾರಣ.

ಇದು ಬರೀ ರುಚಿಯ ಮಾತಾಗಿದ್ದರೆ ಸಹಿಸಬಹುದಿತ್ತು. ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗಿರಬೇಕು. ಇವೆರಡರ ನಡುವೆ ಕಳೆಯುವ ಪ್ರತಿ ಗಂಟೆಯೂ ರೋಗಾಣುಗಳಿಗೆ ಅನುಕೂಲ. ಹೆಚ್ಚು ಭಯಪಡಬೇಕಾದದ್ದು ಅನ್ನಕ್ಕೆ. ಅಕ್ಕಿಯಲ್ಲಿ ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ಕುದಿಯುವ ನೀರಿಗೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಹಲವು ಗಂಟೆ ಕುಳಿತರೆ ಮೊಳೆತು, ಬೆಳೆದು, ವಾಂತಿ ಬರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ‘ಇನ್ನೊಮ್ಮೆ ಬಿಸಿ ಮಾಡಿ ಕೊಡ್ತೀನಿ ಸರ್’ ಎಂಬ ಮಾತು ತಣ್ಣಗಿನ ಸಾರಿಗೆ ಪರಿಹಾರ ಆಗಬಹುದು, ವಾಸನೆ ಬಂದ ಅನ್ನಕ್ಕೆ ಆಗದು. ವಾಸನೆ ಬಾರದಿದ್ದರೂ ಅಂಟಂಟಾಗಿ, ಬೆರಳಿಗೆ ಲೋಳೆಯ ಹಾಗೆ ಹತ್ತಿದರೆ ಬಿಟ್ಟುಬಿಡಿ.

2017ರ ಅಕ್ಟೋಬರ್‌ನಲ್ಲಿ ಗೋವಾದಿಂದ ಮುಂಬೈಗೆ ಹೊರಟ ತೇಜಸ್ ಎಕ್ಸ್‌ಪ್ರೆಸ್‌ನಲ್ಲಿ ಬೆಳಗಿನ ತಿಂಡಿ ತಿಂದ ಇಪ್ಪತ್ತಕ್ಕೂ ಹೆಚ್ಚು ಪ್ರಯಾಣಿಕರು ಅಸ್ವಸ್ಥರಾಗಿ ಚಿಪ್ಳೂಣ್‌ನಲ್ಲಿ ಆಸ್ಪತ್ರೆ ಸೇರಬೇಕಾಯಿತು. ಅದೇ ವರ್ಷ ಜುಲೈಯಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ (ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಂಸ್ಥೆ) ವರದಿ 74 ನಿಲ್ದಾಣ, 80 ರೈಲುಗಳನ್ನು ತಪಾಸಣೆ ಮಾಡಿ, ಶುದ್ಧೀಕರಿಸದ ನೀರಿನಲ್ಲಿ ಪಾನೀಯ ತಯಾರಿಸುವುದು, ಆಹಾರ ಮುಚ್ಚಿಡದಿರುವುದು, ಬಿಲ್ ಕೊಡದಿರುವುದು, ತೂಕ ಕಡಿಮೆ ಇರುವುದು ಎಲ್ಲವನ್ನೂ ದಾಖಲಿಸಿತು. ಆಮೇಲೆ ಬೇಸ್ ಕಿಚನ್‌ಗಳಿಗೆ ಸಿಸಿಟಿವಿ ಬಂತು, ಆಹಾರ ಸುರಕ್ಷತಾ ಮೇಲ್ವಿಚಾರಕರು ಬಂದರು, ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಬಂತು. ಇವೆಲ್ಲ ನಿಜವಾದ ಸುಧಾರಣೆಗಳು, ಅಲ್ಲಗಳೆಯಬೇಕಾಗಿಲ್ಲ. ಆದರೆ ಕ್ಯಾಮೆರಾ ಅಡುಗೆಮನೆಯನ್ನು ಕಾಯುತ್ತದೆ; ಕ್ರೇಟು ಪ್ಲಾಟ್‌ಫಾರ್ಮಿನ ಬಿಸಿಲಲ್ಲಿ ಎಷ್ಟು ಹೊತ್ತು ಕುಳಿತಿತ್ತು ಎಂದು ಅದು ಹೇಳುವುದಿಲ್ಲ.

ಈಗ ಬಡಿಸುವವರ ಲೆಕ್ಕ. ಎಂಟು ಬೋಗಿಯ ವಂದೇ ಭಾರತ್‌ನಲ್ಲಿ 530 ಸೀಟು: ಎಕ್ಸಿಕ್ಯೂಟಿವ್ ಬೋಗಿ ಒಂದರಲ್ಲಿ 52, ಐದು ಚೇರ್ ಕಾರ್‌ಗಳಲ್ಲಿ ತಲಾ 78, ಎರಡು ತುದಿಯ ಬೋಗಿಗಳಲ್ಲಿ ತಲಾ 44. ಒಬ್ಬರ ಮುಂದೆ ನಿಂತು ವೆಜ್ಜೋ ನಾನ್‌ವೆಜ್ಜೋ ಕೇಳಿ, ಪಟ್ಟಿ ನೋಡಿ, ಟ್ರೇ ಕೊಡಲು ಅರ್ಧ ನಿಮಿಷ ಎಂದರೂ 78 ಜನಕ್ಕೆ 39 ನಿಮಿಷ. ಇಬ್ಬರು ಹಂಚಿಕೊಂಡರೆ ಇಪ್ಪತ್ತು. ಅಷ್ಟೂ ಹೊತ್ತು ಹಾಟ್ ಕೇಸ್‌ನ ಬಾಗಿಲು ತೆರೆದು ಮುಚ್ಚುತ್ತಲೇ ಇರುತ್ತದೆ, ಅಥವಾ ಟ್ರೇಗಳನ್ನೆಲ್ಲ ಮೊದಲೇ ಜೋಡಿಸಿ ಟ್ರಾಲಿಯಲ್ಲಿ ನಿಲ್ಲಿಸಿರುತ್ತಾರೆ. ಎರಡರಲ್ಲೂ ಕೊನೆಯ ಸಾಲಿಗೆ ಸಿಗುವುದು ಆರಿದ ಊಟವೇ. ಹುಡುಗರು ಒರಟಾಗಿ ಮಾತಾಡುತ್ತಾರೆ ಎಂದು ದೂರುವವರು ಈ ಲೆಕ್ಕವನ್ನೂ ನೋಡಬೇಕು. ಚಹಾ, ತಿಂಡಿ, ಊಟ, ನೀರು, ಕಸ ಎತ್ತುವುದು ಎಲ್ಲವೂ ಅದೇ ಇಬ್ಬರ ಮೇಲೆ ಬಿದ್ದರೆ ನಗುಮುಖ ಎಲ್ಲಿಂದ ಬರಬೇಕು? ಜನ ಹೆಚ್ಚಿಸದೆ ಸೌಜನ್ಯದ ತರಬೇತಿ ಕೊಟ್ಟು ಫಲವಿಲ್ಲ.

ಮೆನುವಿಗೆ ಬರೋಣ. ಪನೀರ್ ಗ್ರೇವಿ, ದಾಲ್, ಪಲಾವ್, ಪರಾಠಾ, ಮೊಸರು, ಒಂದು ಸಿಹಿ: ದಿಲ್ಲಿಯ ರಾಜಧಾನಿ ರೈಲುಗಳ ಊಟದ ಮಾದರಿಯನ್ನು ಹುಬ್ಬಳ್ಳಿಗೂ ಮಡಗಾಂವ್‌ಗೂ ಹಾಗೇ ಎಳೆದು ತಂದಂತಿದೆ. ಇವುಗಳಲ್ಲಿ ಯಾವುದು ಹೇಗೆ ಕೆಡುತ್ತದೆ ನೋಡಿ. ಬೆಂದ ಅಕ್ಕಿ, ರವೆ, ಅವಲಕ್ಕಿಯ ಪಿಷ್ಟ ಆರುತ್ತಾ ಹೋದಂತೆ ಮತ್ತೆ ಬಿಗಿಯುತ್ತದೆ. ಅದಕ್ಕೇ ಉಪ್ಪಿಟ್ಟು ಡಬ್ಬಿಯ ಆಕಾರದಲ್ಲೇ ಹೊರಗೆ ಬರುತ್ತದೆ, ಪೋಹಾ ಬಾಯಲ್ಲಿ ಪುಡಿ ಪುಡಿ ಆಗುತ್ತದೆ. ಬಿಸಿ ಚಪಾತಿಯನ್ನು ಫಾಯಿಲ್‌ನಲ್ಲಿ ಸುತ್ತಿದರೆ ಅದರ ಹಬೆ ನೀರಾಗಿ ಅದರ ಮೇಲೇ ಇಳಿಯುತ್ತದೆ: ಅಂಚು ಚರ್ಮದ ಹಾಗೆ, ನಡುವೆ ಹಸಿ ಹಸಿ. ಎಣ್ಣೆ ಹೆಚ್ಚಿರುವ ಪರಾಠಾ ಸ್ವಲ್ಪ ತಾಳುತ್ತದೆ. ಪನೀರ್ ಎರಡನೇ ಸಲ ಕಾದಾಗ ನೀರು ಬಿಟ್ಟು ಕುಗ್ಗುತ್ತದೆ. ಆರಿದ ಮೇಲೆ ದಾಲ್ ಗಟ್ಟಿಯಾಗುತ್ತದೆ ಎಂದು ಮೊದಲೇ ನೀರು ಹೊಯ್ಯುವುದುಂಟು. ಆಗ ಬೇಳೆ ತಳದಲ್ಲಿ, ಅರಿಸಿನದ ನೀರು ಮೇಲೆ. ಉದ್ದಿನ ವಡೆ ಎಣ್ಣೆಯಿಂದ ತೆಗೆದ ಹತ್ತು ನಿಮಿಷದ ರಾಜ, ಮುಚ್ಚಿಟ್ಟರೆ ಅಗಿಯಲಾಗದು. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ವಡೆ ಬಿಸಿ ಇರುವುದಕ್ಕೆ ಗುಟ್ಟೇನೂ ಇಲ್ಲ: ಬಾಣಲೆಗೂ ಟೇಬಲ್ಲಿಗೂ ನಡುವೆ ಎರಡು ನಿಮಿಷದ ದೂರ, ಮುಗಿದಂತೆ ಮುಂದಿನ ಸುತ್ತು ಎಣ್ಣೆಗೆ. ರೈಲಿನಲ್ಲಿ ಅದು ಆಗದ ಕೆಲಸ, ಆದ್ದರಿಂದ ಅಲ್ಲಿ ವಡೆಯನ್ನು ಮಾಡಲೇಬಾರದು.

ಹಾಗಾದರೆ ಏನು ಮಾಡಬೇಕು? ಉತ್ತರ ಈ ದಾರಿಗಳಲ್ಲೇ ಇದೆ. ಪುಣೆ–ಹುಬ್ಬಳ್ಳಿ ರೈಲು ಹಾದುಹೋಗುವ ಸೀಮೆಯವರು ಬುತ್ತಿ ಕಟ್ಟುವುದರಲ್ಲಿ ಪಳಗಿದವರು. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ನೀರಿನಂಶ ತೀರಾ ಕಡಿಮೆ ಇರುವುದರಿಂದ ಅಲ್ಲಿ ಏನೂ ಬೆಳೆಯುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ ಹಾಗೇ. ಜುಣಕದ ವಡಿ ಆರಿದ ಮೇಲೇ ಕತ್ತರಿಸಲು ಬರುವುದು, ಆರಿದ ಮೇಲೇ ರುಚಿ. ಎಣ್ಣೆಗಾಯಿ ಹೊತ್ತು ಕಳೆದಂತೆ ಮಸಾಲೆ ಹೀರುತ್ತದೆ. ಮಡಿಕೆ ಕಾಳಿನ ಒಣ ಪಲ್ಯ, ಕಪ್ಪಿನಲ್ಲಿ ಗಟ್ಟಿ ಮೊಸರು, ಶೇಂಗಾ ಹೋಳಿಗೆ. ಇದರಲ್ಲಿ ಬಿಸಿಯಾಗಿ ಇಡಬೇಕಾದದ್ದು ಎಣ್ಣೆಗಾಯಿ, ಪಲ್ಯ ಎರಡೇ, ಉಳಿದದ್ದಕ್ಕೆ ಹಾಟ್ ಕೇಸ್‌ನ ಹಂಗೇ ಇಲ್ಲ. ಸೊಲ್ಲಾಪುರದ ರೈಲಿಗೆ ಆ ಊರಿನದೇ ಕಡಕ್ ಭಾಕರಿ, ಹೆಸರಾಂತ ಶೇಂಗಾ ಚಟ್ನಿ ಇದೆ. ಕರಾವಳಿಯ ದಾರಿಗೆ ಎಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು, ಮೂಡೆ: ಎಲೆ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ಆದ್ದರಿಂದ ಇಡ್ಲಿಯ ಹಾಗೆ ಮೇಲ್ಮೈ ಒಣಗಿ ಬಿರಿಯುವುದಿಲ್ಲ. ಗೋವಾದ ವಿನೆಗರ್ ಹಾಕಿದ ಮಾಂಸದಡುಗೆಗಳು ಹುಟ್ಟಿದ್ದೇ ಬಾಳಿಕೆಗಾಗಿ. ಇದಕ್ಕೆ ನಿಯಮದ ಅಡ್ಡಿಯೂ ಇಲ್ಲ. 2022ರ ನವೆಂಬರ್‌ನಲ್ಲೇ ರೈಲ್ವೆ ಮಂಡಳಿ ರೈಲಿನ ಊಟದ ಹೊಣೆ ಹೊತ್ತ ಐಆರ್‌ಸಿಟಿಸಿ ಸಂಸ್ಥೆಗೆ ಪ್ರಾದೇಶಿಕ ಅಡುಗೆ, ಮಧುಮೇಹಿಗಳ ಊಟ, ಮಕ್ಕಳ ಆಹಾರ, ಸಿರಿಧಾನ್ಯದ ತಿನಿಸುಗಳನ್ನು ಮೆನುವಿಗೆ ಸೇರಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟಿದೆ. ಕೇಳುವವರು ಬೇಕು. ಮುಂಬೈ, ಪುಣೆಯ ಕನ್ನಡ ಸಂಘಗಳು ಹೊಸ ರೈಲಿಗಾಗಿ ಮನವಿ ಕೊಡುವಾಗ ಅದರ ಊಟಕ್ಕೂ ಒಂದು ಪುಟ ಸೇರಿಸಬೇಕು, ಪದಾರ್ಥ, ತೂಕ, ಎಷ್ಟು ಗಂಟೆ ತಾಳುತ್ತದೆ ಎಂಬ ವಿವರದ ಸಮೇತ.

ರೈಲಿನಲ್ಲಿ ಬಿಸಿ ಊಟ ಸಾಧ್ಯವೇ ಇಲ್ಲ ಎನ್ನುವವರಿಗೆ ಮುಂಬೈ–ಪುಣೆ ನಡುವಿನ ಡೆಕ್ಕನ್ ಕ್ವೀನ್ ತೋರಿಸಿ. 1930ರ ಜೂನ್ 1ರಂದು ಶುರುವಾದ ಈ ರೈಲಿನಲ್ಲಿ ಇಂದಿಗೂ ಮೇಜು ಹಾಕಿ ಬಡಿಸುವ ಡೈನಿಂಗ್ ಕಾರ್ ಇದೆ. 2022ರ ಜೂನ್‌ನಲ್ಲಿ ಹೊಸ ಬೋಗಿಗಳು ಬಂದಾಗಲೂ ಅದನ್ನು ಉಳಿಸಿಕೊಂಡರು. ಒಟ್ಟಿಗೆ 40 ಜನ ಕೂರಬಹುದು. ಆಮ್ಲೆಟ್, ಚೀಸ್ ಟೋಸ್ಟ್, ಕಟ್ಲೆಟ್: ಸಣ್ಣ ಮೆನು, ಕೇಳಿದ ಮೇಲೆ ತಯಾರಿ, ಅಲ್ಲೇ ತಿನ್ನುವುದು. ಎಂಟೂವರೆ ಗಂಟೆ ಓಡುವ ಹುಬ್ಬಳ್ಳಿ ರೈಲಿಗೆ ಇಂಥ ಅರ್ಧ ಬೋಗಿ ಯಾಕೆ ಬೇಡ? ಸೀಟು ಕಡಿಮೆಯಾಗುತ್ತದೆ ಎಂಬುದು ರೈಲ್ವೆಯ ಅಳಲು ಇರಬಹುದು. ಪ್ರಯಾಣಿಕರು ಊಟಕ್ಕೆ ಬೇರೆ ದುಡ್ಡು ಕೊಡುತ್ತಲೇ ಇದ್ದಾರಲ್ಲ.

ದುಡ್ಡಿನ ವಿಷಯವೂ ಸ್ಪಷ್ಟವಾಗಲಿ. ಸೊಲ್ಲಾಪುರದ ವಂದೇ ಭಾರತ್ 2023ರ ಫೆಬ್ರುವರಿಯಲ್ಲಿ ಶುರುವಾದಾಗ ಚೇರ್ ಕಾರ್‌ಗೆ ಊಟ ಬಿಟ್ಟು 1000, ಊಟ ಸೇರಿ 1300 ರೂಪಾಯಿ ಇತ್ತು. ಅಂದರೆ ಊಟ ತಿಂಡಿಗೇ 300. ರಾಜಧಾನಿ, ಶತಾಬ್ದಿ, ದುರಂತೋಗಳಿಗೆ 2022ರ ಜುಲೈಯಲ್ಲಿ ಬಂದ ದರಪಟ್ಟಿಯಂತೆ ಚೇರ್ ಕಾರ್ ಮತ್ತು ಎರಡು, ಮೂರನೇ ಎಸಿಯಲ್ಲಿ ಮೊದಲೇ ಕಾದಿರಿಸಿದ ತಿಂಡಿಗೆ 105, ಊಟಕ್ಕೆ 185, ಸಂಜೆಯ ತಿನಿಸಿಗೆ 90. ಕಾದಿರಿಸದೆ ರೈಲಿನಲ್ಲಿ ಕೇಳಿದರೆ ಇವುಗಳಿಗೆ ತಲಾ 50 ಹೆಚ್ಚು: 155, 235, 140. ಚಹಾಕ್ಕೆ ಮಾತ್ರ ಹೆಚ್ಚಿಗೆ ಇಲ್ಲ, ಎರಡೂ ಕಡೆ 20. ಮುಂದೆ ಪರಿಷ್ಕರಣೆ ಆಗಬಹುದು, ಆದ್ದರಿಂದ ಟಿಕೆಟ್ ಬುಕ್ ಮಾಡುವಾಗ ತೋರಿಸುವ ಮೊತ್ತವನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಿ. ಮುಖ್ಯ ಮಾತು ಬೇರೆ: ನೀವು ಕೊಟ್ಟ ದುಡ್ಡು ಪೂರ್ತಿ ತಟ್ಟೆಗೆ ಬರುವುದಿಲ್ಲ. ಗುತ್ತಿಗೆ ಪಡೆದವರು ಲೈಸೆನ್ಸ್ ಶುಲ್ಕ ಕಟ್ಟಬೇಕು, ಡಬ್ಬಿ, ಸಾಗಾಟ, ಸಂಬಳ ಎಲ್ಲ ಅದರಲ್ಲೇ. ಯಾರು ಹೆಚ್ಚು ಶುಲ್ಕ ಕೂಗುತ್ತಾರೋ ಅವರಿಗೆ ಗುತ್ತಿಗೆ ಎಂದಾದಾಗ, ಆ ಹೆಚ್ಚಳವನ್ನು ಅವರು ಪನೀರಿನ ತುಂಡಿನಲ್ಲೇ ಮುರಿದುಕೊಳ್ಳುತ್ತಾರೆ.

ಇನ್ನು ಬುಕ್ ಮಾಡುವಾಗಿನ ಆಯ್ಕೆ. ಊಟ ಬೇಡ ಎಂಬ ಗೆರೆ ಪ್ರತಿ ಪ್ರಯಾಣಿಕರ ಹೆಸರಿನ ಪಕ್ಕದಲ್ಲಿ ಬೇರೆ ಬೇರೆ ಇರುತ್ತದೆ, ನಾಲ್ಕು ಜನ ಹೋಗುವಾಗ ನಾಲ್ವರಿಗೂ ಒಂದೇ ಆರಿಸಬೇಕಿಲ್ಲ. ಮುಂಬೈಯಿಂದ ಹೊರಟ ರೈಲು ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಮಡಗಾಂವ್‌ಗೆ ಮಧ್ಯಾಹ್ನ 1:10ಕ್ಕೆ ಮುಟ್ಟುತ್ತದೆ. ಬುತ್ತಿಯ ತಿಂಡಿ ತಿಂದು, ಊಟವನ್ನು ಇಳಿದ ಮೇಲೆ ಊರಲ್ಲೇ ಮಾಡುವುದು ಮೇಲು. ಮುಂದೆ ಸಂಜೆಯ ವಂದೇ ಭಾರತ್‌ನಲ್ಲಿ ಮಂಗಳೂರಿಗೆ ಹೋಗುವವರಿಗಂತೂ ಮಡಗಾಂವ್‌ನಲ್ಲಿ ಬೇಕಾದಷ್ಟು ಹೊತ್ತಿದೆ. ಮಳೆಗಾಲದ ವೇಳಾಪಟ್ಟಿಯಲ್ಲಿ ಅದೇ ದಾರಿಗೆ ಸುಮಾರು ಹತ್ತು ಗಂಟೆ ಹಿಡಿಯುತ್ತದೆ, ಆಗ ಬುತ್ತಿ ದೊಡ್ಡದಿರಲಿ. ಪುಣೆಯಿಂದ ಮಧ್ಯಾಹ್ನ 2:15ಕ್ಕೆ ಹೊರಡುವ ಹುಬ್ಬಳ್ಳಿ ರೈಲು ಮುಟ್ಟುವುದು ರಾತ್ರಿ 10:45ಕ್ಕೆ. ರಾತ್ರಿ ಊಟವನ್ನು ಬೇಗ ಬಡಿಸಿ ಮುಗಿಸುವ ಆತುರ ಇಂಥ ರೈಲುಗಳಲ್ಲಿ ಸಾಮಾನ್ಯ, ಟ್ರೇ ಎತ್ತಿ ಎಣಿಸಿ ಒಪ್ಪಿಸಬೇಕಲ್ಲ. ನಿಮಗೆ ಹಸಿವಿಲ್ಲದಿದ್ದರೂ ಆಗಲೇ ತೆಗೆದುಕೊಂಡು ಆಗಲೇ ತಿನ್ನಿ. ಆ ಡಬ್ಬಿಯನ್ನು ಒಂದೂವರೆ ಗಂಟೆ ಬಿಟ್ಟು ತೆರೆಯುವುದು ಬೇಡ.

ಬುತ್ತಿಗೆ ಒಂದು ಮಾತು. ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ ಮಧ್ಯಾಹ್ನದ ಸೆಕೆಗೆ ಹಳಸುತ್ತವೆ. ಹುಣಸೆ ಹುಳಿ ಹಿಡಿದ ಪುಳಿಯೋಗರೆ ಬಿಳಿ ಅನ್ನಕ್ಕಿಂತ ಹೆಚ್ಚು ತಾಳುತ್ತದೆ. ಮೊಸರನ್ನವನ್ನು ಮೊಸರಿನಲ್ಲಿ ಕಲಸಬೇಡಿ: ಎರಡು ಲೋಟ ಮೆತ್ತಗಿನ ಅನ್ನವನ್ನು ಹಿಸುಕಿ, ಎರಡು ಲೋಟ ಬೆಚ್ಚಗಿನ ಕಾಯಿಸಿದ ಹಾಲು, ಎರಡು ಚಮಚ ಮೊಸರು, ಉಪ್ಪು, ಒಗ್ಗರಣೆ ಹಾಕಿ ಡಬ್ಬಿ ಮುಚ್ಚಿ. ಐದಾರು ಗಂಟೆಗೆ ಒಳಗೇ ಹೆಪ್ಪಾಗಿ, ಹುಳಿಯಾಗದೆ ಸಿಗುತ್ತದೆ. ಈ ರೈಲುಗಳಲ್ಲಿ ನಿಲುಗಡೆ ಕೆಲವೇ ನಿಮಿಷ, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಪ್ಲಾಟ್‌ಫಾರ್ಮಿಗೆ ಇಳಿದು ಏನಾದರೂ ತರುತ್ತೇನೆ ಎಂಬ ಸಾಹಸ ಬೇಡವೇ ಬೇಡ.

ಟ್ರೇ ತೆಗೆದುಕೊಂಡವರು ಮುಚ್ಚಳ ತೆಗೆಯುವ ಮುಂಚೆ ಗುರುತು ನೋಡಿ: ಹಸಿರು ವೃತ್ತ ಸಸ್ಯಾಹಾರ, ಕಂದು ತ್ರಿಕೋನ ಮಾಂಸಾಹಾರ. ಅವಸರದಲ್ಲಿ ಡಬ್ಬಿ ಅದಲು ಬದಲಾಗುವುದುಂಟು, ತೆರೆದ ಮೇಲೆ ಜಗಳಕ್ಕಿಂತ ಮೊದಲೇ ನೋಡುವುದು ಒಳ್ಳೆಯದು. ಲೇಬಲ್‌ನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಸಂಖ್ಯೆ ಹುಡುಕಿ. ಕ್ಯೂಆರ್ ಕೋಡ್ ಇದ್ದರೆ ಅಡುಗೆಮನೆಯ ಹೆಸರು, ಪ್ಯಾಕ್ ಮಾಡಿದ ದಿನಾಂಕ ಸಿಗುತ್ತದೆ. ಮುಚ್ಚಿದ ಡಬ್ಬಿಯ ತಳಕ್ಕೆ ಅಂಗೈ ಒತ್ತಿ. ಮುಟ್ಟಿದ ಕೂಡಲೇ ಕೈ ಹಿಂತೆಗೆಯುವಷ್ಟು ಬಿಸಿ ಇರಬೇಕು; ಹಾಯಾಗಿ ಹಿಡಿದು ಕೂರಬಹುದಾದರೆ 60 ಡಿಗ್ರಿ ಇಲ್ಲ. ಹಾಗಿದ್ದರೆ ತೆರೆಯದೆ ಬದಲಿ ಡಬ್ಬಿ ಕೇಳಿ. ಚಹಾದ ಬಿಸಿನೀರು ಫ್ಲಾಸ್ಕ್‌ನಲ್ಲಿ ಬೋಗಿ ಸುತ್ತಿ ಬರುವಷ್ಟರಲ್ಲಿ ಟೀ ಬ್ಯಾಗ್ ಬಣ್ಣ ಬಿಡುವಷ್ಟೂ ಕಾವು ಉಳಿದಿರುವುದಿಲ್ಲ, ಪ್ಯಾಂಟ್ರಿಯ ಬಾಯ್ಲರ್‌ನಿಂದಲೇ ಹಿಡಿದು ಕೊಡಿ ಎಂದರೆ ಸಾಮಾನ್ಯವಾಗಿ ಕೊಡುತ್ತಾರೆ.

ನೀರಿನ ನಿಯಮ ಬಹಳ ಜನಕ್ಕೆ ತಿಳಿದಿಲ್ಲ. 2024ರ ಏಪ್ರಿಲ್‌ನಿಂದ ವಂದೇ ಭಾರತ್‌ನಲ್ಲಿ ಎಲ್ಲರಿಗೂ ಅರ್ಧ ಲೀಟರ್ ರೈಲ್ ನೀರ್, ಕೇಳಿದರೆ ಇನ್ನೊಂದು ಅರ್ಧ ಲೀಟರ್, ದುಡ್ಡಿಲ್ಲದೆ. ಎರಡನೆಯದನ್ನು ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಊಟದ ಕೊನೆಗೆ ಸೋಂಪಿನ ತಟ್ಟೆ ಹಿಡಿದು ಟಿಪ್ಸ್‌ಗೆ ನಿಲ್ಲುವುದು ನಿಯಮಕ್ಕೆ ವಿರುದ್ಧ. ಕೊಡಲೇಬೇಕೆಂಬ ಸಂಕೋಚ ಬೇಡ. ರೈಲಿನಲ್ಲಿ ದುಡ್ಡು ಕೊಟ್ಟು ಕೊಂಡದ್ದಕ್ಕೆಲ್ಲ ಬಿಲ್ ಕೇಳಿ, ಬಿಲ್ ಇಲ್ಲದಿದ್ದರೆ ದುಡ್ಡು ಕೊಡಬೇಕಿಲ್ಲ ಎಂದು ರೈಲ್ವೆಯೇ ಸಾರಿದೆ. ರಾಜಧಾನಿ, ಶತಾಬ್ದಿ, ದುರಂತೋ ಎರಡು ಗಂಟೆಗಿಂತ ಹೆಚ್ಚು ತಡವಾದರೆ ಆ ಹೊತ್ತಿನ ಚಹಾ, ತಿಂಡಿ ಅಥವಾ ಊಟ ಉಚಿತ.

ದೂರನ್ನು ರೈಲಿನಲ್ಲಿ ಇರುವಾಗಲೇ ಕೊಡಿ. ಮನೆಗೆ ಹೋಗಿ ಬರೆದ ದೂರಿಗೆ ವಿಷಾದದ ಸಂದೇಶ ಬರುತ್ತದೆ. ಸೀಟಿನಿಂದ ಕೊಟ್ಟ ದೂರಿಗೆ ಮ್ಯಾನೇಜರ್ ಬರುತ್ತಾರೆ. ರೈಲ್ ಮದದ್ ಆ್ಯಪ್ ಅಥವಾ 139 ಸಂಖ್ಯೆ. ಪಿಎನ್‌ಆರ್ ಹಾಕಿ, ಕ್ಯಾಟರಿಂಗ್ ವಿಭಾಗ ಆರಿಸಿ, ಗುಣಮಟ್ಟವೋ ಪ್ರಮಾಣವೋ ಹೆಚ್ಚು ಬೆಲೆಯೋ ಒಂದನ್ನು ಮಾತ್ರ ಹಿಡಿಯಿರಿ. ಶೌಚಾಲಯ, ಎಸಿ, ಊಟ ಎಲ್ಲವನ್ನೂ ಒಂದೇ ದೂರಿನಲ್ಲಿ ಕಲಸಿದರೆ ಅದು ವಿಭಾಗದಿಂದ ವಿಭಾಗಕ್ಕೆ ಅಲೆಯುತ್ತದೆ. ಫೋಟೋ ಎರಡು ಬೇಕು: ಲೇಬಲ್ ಓದುವಂತೆ ಮುಚ್ಚಳದ್ದು, ತೊಂದರೆ ಕಾಣುವಂತೆ ಒಳಗಿನದು. ‘ಊಟ ಕೆಟ್ಟದಾಗಿತ್ತು’ ಎಂದು ಬರೆಯಬೇಡಿ. ‘ಬೋಗಿ ಇಷ್ಟು, ಸೀಟು ಇಷ್ಟು, ಇಷ್ಟು ಗಂಟೆಗೆ ಕೊಟ್ಟ ಅನ್ನ ತಣ್ಣಗಿತ್ತು, ಹುಳಿ ವಾಸನೆ, ಬದಲಿ ಕೇಳಿದೆ, ಕೊಡಲಿಲ್ಲ’ ಎಂದು ಬರೆಯಿರಿ. ಸಿಗುವ ದೂರಿನ ಸಂಖ್ಯೆಯನ್ನು ಇಟ್ಟುಕೊಳ್ಳಿ. ದೂರು ಹಿಂದೆ ತೆಗೆದುಕೊಳ್ಳಿ ಎಂದು ಹುಡುಗರು ಅಂಗಲಾಚಿದರೆ ಅವರ ಮೇಲೆ ಸಿಟ್ಟು ಬೇಡ, ದೂರು ಅಡುಗೆಮನೆಯ ಮೇಲೆ ಎಂದು ಅದರಲ್ಲೇ ಸ್ಪಷ್ಟವಾಗಿ ನಮೂದಿಸಿ.

ಊಟದಿಂದ ಆರೋಗ್ಯ ಕೆಟ್ಟಿದ್ದರೆ ಮಾತು ಬೇರೆ. ವೈದ್ಯರ ಚೀಟಿ, ಬಿಲ್, ಟಿಕೆಟ್, ಫೋಟೋ, ದೂರಿನ ಸಂಖ್ಯೆ ಒಟ್ಟುಮಾಡಿ, 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ರೈಲ್ ಮದದ್‌ನಲ್ಲಿ ದೂರು ಮುಗಿಯಿತು ಎಂಬ ಸಂದೇಶದ ಜೊತೆ ಅಭಿಪ್ರಾಯ ಕೇಳುವ ಲಿಂಕ್ ಬರುತ್ತದೆ. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ. ತೆರೆದು, ಸಮಾಧಾನ ಆಗಿಲ್ಲದಿದ್ದರೆ ಹಾಗೆಂದೇ ಗುರುತು ಹಾಕಿ.